ಆಗಸ್ಟ್ 15, ಇನ್ನೂ ಇಬ್ಬರು

ಬೆಳಿಗ್ಗೆಯಿಂದ ಮೊಬೈಲ್ ತುಂಬಾ ಬಾವುಟಗಳು. ನೋಡಿ ಖುಷಿಯಾಯಿತು. ಆದರೆ ಈ ದಿನ ಬಂದಾಗಲೆಲ್ಲ ನನಗೆ ಇನ್ನೂ ಇಬ್ಬರು ನೆನಪಾಗುತ್ತಾರೆ.

ಒಬ್ಬರು ನಮ್ಮ ಸಂಗೊಳ್ಳಿ ರಾಯಣ್ಣ. ಹುಟ್ಟಿದ್ದು 1798ರ ಆಗಸ್ಟ್ 15 ಅಂತ ನಾವೆಲ್ಲ ಆಚರಿಸುತ್ತೇವೆ. ಬ್ರಿಟಿಷರು ಅವರನ್ನು ನೇಣಿಗೆ ಹಾಕಿದ್ದು 1831ರ ಜನವರಿ 26ರಂದು, ನಂದಗಡದಲ್ಲಿ. ಹುಟ್ಟಿದ ದಿನ ಮುಂದೆ ಸ್ವಾತಂತ್ರ್ಯ ದಿನವಾಯಿತು, ಸತ್ತ ದಿನ ಗಣರಾಜ್ಯ ದಿನವಾಯಿತು. ಮೊದಲ ಸಲ ಇದನ್ನು ಗಮನಿಸಿದಾಗ ಮೈ ಜುಮ್ಮೆಂದಿತ್ತು. ಮೂವತ್ತೆರಡು ವರ್ಷದ ಹುಡುಗ ಅಲ್ವಾ! ನಂದಗಡದಲ್ಲಿ ಅವರ ಸಮಾಧಿಯ ಹತ್ತಿರ ದೊಡ್ಡ ಆಲದ ಮರವಿದೆ. ಜನ ಈಗಲೂ ಅಲ್ಲಿಗೆ ಬಂದು ಹರಕೆ ಕಟ್ಟುತ್ತಾರೆ.

ಇನ್ನೊಬ್ಬರು ಮಹಾದೇವ ದೇಸಾಯಿ. ಇಪ್ಪತ್ತೈದು ವರ್ಷ ಗಾಂಧೀಜಿಯ ಕಾರ್ಯದರ್ಶಿಯಾಗಿದ್ದವರು. 1942ರ ಆಗಸ್ಟ್ 9ರಂದು ಗಾಂಧೀಜಿಯ ಜೊತೆಯಲ್ಲೇ ಬಂಧನ. ಆರೇ ದಿನ. ಆಗಸ್ಟ್ 15ರಂದು ಪುಣೆಯ ಆಗಾ ಖಾನ್ ಅರಮನೆಯಲ್ಲಿ, ಸೆರೆಯಲ್ಲೇ ತೀರಿಕೊಂಡರು. ವಯಸ್ಸು ಐವತ್ತು. ಮಗನಂತಿದ್ದವನ ಮೈಯನ್ನು ಗಾಂಧೀಜಿ ತಾವೇ ತೊಳೆದರು.

ಸರಿಯಾಗಿ ಐದು ವರ್ಷಕ್ಕೆ ಸ್ವಾತಂತ್ರ್ಯ ಬಂತು. ಆ ದಿನ ಗಾಂಧೀಜಿ ದೆಹಲಿಯಲ್ಲಿರಲಿಲ್ಲ. ಕಲ್ಕತ್ತೆಯಲ್ಲಿ ಉಪವಾಸವಿದ್ದು ಚರಕ ತಿರುಗಿಸುತ್ತಿದ್ದರು. ಆಗ ಅವರಿಗೆ ಮಹಾದೇವ ಎಷ್ಟು ನೆನಪಾಗಿರಬೇಕು ಅಂತ ಸುಮ್ನೆ ಯೋಚಿಸುತ್ತಾ ಕೂತಿದ್ದೆ.

ಮಗಳು ಶಾಲೆಯಿಂದ ಲಾಡು ಹಿಡಿದು ಬಂದಳು. ಅವಳಿಗೂ ಈ ಇಬ್ಬರ ಕತೆ ಹೇಳಿದೆ. ರಾಯಣ್ಣನ ಆಲದ ಮರ ನೋಡಬೇಕಂತೆ. ದಸರಾ ರಜೆಗೆ ಕರೆದುಕೊಂಡು ಹೋಗುತ್ತೇನೆ.