ಆನೆಗೊಂದಿಗೆ ಹೋಗ್ತೀರಾ? ಸಂಜೆ ಐದೂವರೆ ನೆನಪಿರಲಿ

ನಮ್ಮ ರೂಮು ಹೊಳೆಯ ಆ ದಡದಲ್ಲಿ. ನಾವು ಈ ದಡದಲ್ಲಿ. ಜೋರಾಗಿ ಕೂಗಿದರೆ ಆ ಕಡೆಯವರಿಗೆ ಕೇಳಿಸುತ್ತೆ, ಅಷ್ಟೇ ದೂರ. ಆದರೂ ಅಲ್ಲಿಗೆ ತಲುಪಲು ಆಟೋಗೆ ಒಂಬೈನೂರು ರೂಪಾಯಿ ಕೊಟ್ಟು, ಹತ್ತಿರ ಹತ್ತಿರ ಇಪ್ಪತ್ತು ಕಿಲೋಮೀಟರ್ ಸುತ್ತಿಕೊಂಡು ಬಂದೆವು. ಆಟೋದವನು ಮೊದಲು ಕೇಳಿದ್ದು ಸಾವಿರದ ಐನೂರು. ಈ ಬರಹಕ್ಕೆ ಅದೇ ಕಾರಣ.

ಆನೆಗೊಂದಿ ಇರುವುದು ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನಲ್ಲಿ, ತುಂಗಭದ್ರೆಯ ಉತ್ತರ ದಡದಲ್ಲಿ. ಎದುರಿಗೇ ಹಂಪಿ. ಹಂಪಿ ನೋಡಲು ಬರುವ ಜನ ಒಂದು ಮಧ್ಯಾಹ್ನ ಈ ಕಡೆ ಬಂದು ಅಂಜನಾದ್ರಿ ಬೆಟ್ಟ ಹತ್ತಿ ಹೋಗಿಬಿಡುತ್ತಾರೆ. ನಾವು ಉಲ್ಟಾ ಮಾಡಿದೆವು. ಇಲ್ಲೇ ಉಳಿದು, ಹಂಪಿಗೆ ಒಂದು ದಿನ ಹೋಗಿಬರೋಣ ಅಂತ. ನನ್ನ ತಮ್ಮನಿಗೆ ಬಂಡೆ ಹತ್ತುವ ಹುಚ್ಚು. ನನಗೆ ಹೊಳೆ ಪಕ್ಕ ಸುಮ್ನೆ ಕೂರುವ ಹುಚ್ಚು. ಇಬ್ಬರಿಗೂ ಸರಿಹೋಗುವ ಊರು ಇದೊಂದೇ ಅನ್ನಿಸಿತ್ತು.

ಮೊದಲು ಹೊರಟಿದ್ದು 2024ರ ಆಗಸ್ಟ್‌ನಲ್ಲಿ. ಟಿಕೆಟ್ ಆಗಿತ್ತು, ರಜೆಯೂ ಸಿಕ್ಕಿತ್ತು. 10ನೇ ತಾರೀಕು ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರಸ್ಟ್ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತು. ಒತ್ತಡ ಕಮ್ಮಿ ಮಾಡಲು ಉಳಿದ ಗೇಟುಗಳನ್ನೂ ತೆಗೆದು ನೀರು ಬಿಟ್ಟರು. ನಾವು ಟಿಕೆಟ್ ಕ್ಯಾನ್ಸಲ್ ಮಾಡಿದೆವು. ಗೇಟು ಮುರಿಯದಿದ್ದರೂ ಇಲ್ಲಿಯ ಕಥೆ ಇಷ್ಟೇ. ಮಳೆಗಾಲದಲ್ಲಿ ಡ್ಯಾಮ್ ತುಂಬಿ ಹೊಳೆಗೆ ನೀರು ಬಿಟ್ಟರೆ ದೋಣಿ, ಹರಿಗೋಲು ಎಲ್ಲ ಬಂದ್. ನವಬೃಂದಾವನಕ್ಕೂ ಹೋಗಲಾಗದು, ಅದು ನದಿ ನಡುವಿನ ನಡುಗಡ್ಡೆ. ಹಾಗಾಗಿ ಜುಲೈಯಿಂದ ಅಕ್ಟೋಬರ್‌ವರೆಗೆ ಹೋಗುವವರು ಹೊರಡುವ ಮುಂಚೆ ಡ್ಯಾಮಿನ ಸುದ್ದಿ ನೋಡಿಕೊಳ್ಳಿ.

ಕೊನೆಗೆ ಹೋಗಿದ್ದು 2025ರ ಜನವರಿಯಲ್ಲಿ. ಅಲ್ಲೊಂದು ದಡ್ಡತನ ಮಾಡಿದೆವು. ಗಣರಾಜ್ಯೋತ್ಸವದ ವಾರಾಂತ್ಯ ಅಂತ ಗೊತ್ತಿದ್ದೂ ಶನಿವಾರವೇ ಇಳಿದೆವು. ಹನುಮಂತ ಹುಟ್ಟಿದ ಬೆಟ್ಟ ಅಂತ ನಂಬುವ ಅಂಜನಾದ್ರಿಗೆ ಶನಿವಾರ ಎಷ್ಟು ಜನ ಬರುತ್ತಾರೆ ಅಂತ ನಾನು ಹೇಳಬೇಕಾಗಿಲ್ಲ ಅಲ್ವಾ? ರಾತ್ರಿ ಬೆಂಗಳೂರಿನಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ, ಬೆಳಿಗ್ಗೆ ಹೊಸಪೇಟೆಯಲ್ಲಿ ಇಳಿದು, ಗಂಗಾವತಿ ತಲುಪುವವರೆಗೆ ಎಲ್ಲ ಚೆನ್ನಾಗಿಯೇ ಇತ್ತು. ಗಂಗಾವತಿಯಲ್ಲಿ ಹತ್ತಿದ ಬಸ್ಸೇ ಬಸ್ಸು.

ತಮ್ಮ ಬೆಂಗಳೂರಿನಿಂದ ಕ್ರ್ಯಾಶ್ ಪ್ಯಾಡ್ ಹೊತ್ತು ತಂದಿದ್ದ. ಬಂಡೆಯಿಂದ ಬಿದ್ದರೆ ಪೆಟ್ಟಾಗದಿರಲಿ ಅಂತ ಕೆಳಗೆ ಹಾಸುವ ದಪ್ಪನೆಯ ಮ್ಯಾಟ್ ಅದು. ಮಡಚಿದರೂ ಒಂದು ಟ್ರಂಕಿನಷ್ಟು ಇರುತ್ತೆ. ಅದನ್ನು ನೋಡಿ ಕಂಡಕ್ಟರ್, ‘ಹಾಸಿಗಿ ಯಾಕ ತಂದ್ರಿ, ಅಲ್ಲಿ ಲಾಡ್ಜಿನ್ಯಾಗ ಕೊಡಂಗಿಲ್ಲೇನು?’ ಅಂದರು. ಬಸ್ಸೆಲ್ಲ ನಕ್ಕಿತು. ನನ್ನ ಆಧಾರ್ ನೋಡಿ ಸೊನ್ನೆ ಟಿಕೆಟ್ ಕೊಟ್ಟರು. ತಮ್ಮನಿಗೆ ಟಿಕೆಟ್, ಅವನ ಹಾಸಿಗೆಗೆ ಲಗೇಜು. ನಾವು ಹೊರಟಿದ್ದ ಸಾಣಾಪುರ ಆನೆಗೊಂದಿಯ ಹತ್ತಿರದ ಊರು, ಅಲ್ಲೇ ಪ್ಯಾಡ್ ಬಾಡಿಗೆಗೆ ಸಿಗುತ್ತೆ. ದಯವಿಟ್ಟು ಹೊತ್ತು ತರಬೇಡಿ.

ನಗು ಮುಗಿಯುವ ಹೊತ್ತಿಗೆ ಕಾಲಿಡಲು ಜಾಗ ಇರಲಿಲ್ಲ. ನನ್ನ ಮೂಗಿನ ಹತ್ತಿರ ಒಬ್ಬರ ತೆಂಗಿನಕಾಯಿ ಚೀಲ, ಬೆನ್ನಿಗೆ ತಮ್ಮನ ಪ್ಯಾಡು. ಬೋರ್ಡಿನಲ್ಲಿ ಸಾಣಾಪುರ ಅಂತಲೇ ಇತ್ತು, ಹತ್ತುವಾಗ ಕೇಳಿಯೂ ಇದ್ದೆ. ಅಂಜನಾದ್ರಿ ಹತ್ತಿರ ಬಂದಾಗ ಮುಂದೆ ವಾಹನಗಳು ಸಾಲುಗಟ್ಟಿದ್ದವು. ‘ಮುಂದ ಹೋಗಂಗಿಲ್ಲ, ಎಲ್ಲಾರೂ ಇಳೀರಿ’ ಅಂದುಬಿಟ್ಟರು. ಅರ್ಧ ಗಂಟೆ ಬಿಸಿಲಲ್ಲಿ ನಿಂತು, ಒಂದು ಟಂಟಂ ಆಟೋದಲ್ಲಿ ಹಿಂದಕ್ಕೆ ಮುಖ ಮಾಡಿ ಕೂತು, ಕಾಲು ಹೊರಗೆ ಇಳಿಬಿಟ್ಟುಕೊಂಡು ಹೋದೆವು. ನಿಜ ಹೇಳಬೇಕೆಂದರೆ ಆ ಟಂಟಂ ಸವಾರಿ ಬಸ್ಸಿಗಿಂತ ಚೆನ್ನಾಗಿತ್ತು. ಎರಡೂ ಕಡೆ ಆಗಷ್ಟೇ ನಾಟಿ ಮಾಡಿದ ಗದ್ದೆ, ಅದರಾಚೆ ಬಂಡೆಗಳ ಗುಡ್ಡ.

ಈಗ ರೂಮಿನ ಕಥೆ. ಹಳೆಯ ಬರಹಗಳನ್ನು ಓದಿದವರು ಹಂಪಿಯ ಎದುರು ದಡದ ವಿರೂಪಾಪುರ ಗಡ್ಡೆಯ ರೆಸಾರ್ಟ್‌ಗಳಲ್ಲಿ ರೂಮು ಹುಡುಕುತ್ತಾರೆ. ಅಲ್ಲಿ ಈಗ ಆ ರೆಸಾರ್ಟ್‌ಗಳಿಲ್ಲ. 2020ರ ಫೆಬ್ರವರಿಯಲ್ಲಿ ಅವನ್ನು ಕೆಡವಬೇಕು ಅಂತ ಸುಪ್ರೀಂ ಕೋರ್ಟ್ ತೀರ್ಪು ಬಂತು, ಮಾರ್ಚ್‌ನಲ್ಲಿ ಜೆಸಿಬಿ ಬಂತು. ಆ ವ್ಯಾಪಾರವೆಲ್ಲ ಈಗ ಸಾಣಾಪುರದ ಕಡೆ ಸರಿದಿದೆ. ನಾವು ಆನ್‌ಲೈನ್‌ನಲ್ಲಿ ‘ರಿವರ್ ವ್ಯೂ’ ನೋಡಿ ಅಲ್ಲೊಂದು ರೂಮಿಗೆ ಮುಂಗಡ ಹಾಕಿದ್ದೆವು. ಒಂದು ರಾತ್ರಿಗೆ 3,200 ರೂಪಾಯಿ. ಹೋಗಿ ನೋಡಿದರೆ ಕಿಟಕಿಯಾಚೆ ಗದ್ದೆ, ಗದ್ದೆಯಾಚೆ ಗುಡ್ಡ. ಹೊಳೆ ಎಲ್ಲಿ ಅಂತ ಕೇಳಿದರೆ ಆ ಹುಡುಗ ಬಹಳ ಮರ್ಯಾದೆಯಿಂದ, ‘ಹೊಳಿ ಆ ಗುಡ್ಡದ ಹಿಂದ ಐತ್ರಿ ಮೇಡಂ’ ಅಂದ. ಸುಳ್ಳೇನೂ ಹೇಳಲಿಲ್ಲ ಪಾಪ. ಗೀಸರ್ ಕೆಲಸ ಮಾಡುತ್ತಿರಲಿಲ್ಲ. ಪಕ್ಕದ ಜಾಗದಲ್ಲಿ ರಾತ್ರಿ ಒಂದರವರೆಗೆ ಸ್ಪೀಕರ್. ಇಪ್ಪತ್ತೆರಡು ವಯಸ್ಸಿನವರಿಗೆ ಅದೇ ಇಷ್ಟ ಆಗಬಹುದು. ನನಗೆ ಆಗಲಿಲ್ಲ.

ಭಾನುವಾರ ಬೆಳಿಗ್ಗೆ ಎದ್ದವರೇ ಗಂಟುಮೂಟೆ ಕಟ್ಟಿಕೊಂಡು ಆನೆಗೊಂದಿ ಊರೊಳಗೆ ಬಂದೆವು. ಇಲ್ಲಿ ಹಳೆಯ ಮನೆಗಳಲ್ಲಿ ಕೋಣೆ ಬಾಡಿಗೆಗೆ ಕೊಡುತ್ತಾರೆ. ನಮಗೆ ಸಿಕ್ಕಿದ್ದು 1,100 ರೂಪಾಯಿಯ ಕೋಣೆ. ದಪ್ಪ ಗೋಡೆ, ಮುಂದೆ ಕಟ್ಟೆ. ಹೊಳೆ ಇಲ್ಲೂ ಕಾಣಿಸುವುದಿಲ್ಲ, ಆದರೆ ಯಾರೂ ಕಾಣಿಸುತ್ತೆ ಅಂತ ಹೇಳಿರಲಿಲ್ಲ. ಐದು ನಿಮಿಷ ನಡೆದರೆ ದಡ. ಸೋಮವಾರಕ್ಕೆ ಜನವೆಲ್ಲ ಖಾಲಿ. ಹಳೆಯ ಅರಮನೆ ಗಗನಮಹಲಿನ ಹತ್ತಿರ ಆಡಿನ ಮರಿಗಳು ಬಿಟ್ಟರೆ ನಾವೇ. ನನ್ನನ್ನು ಕೇಳಿದರೆ ಸಾಣಾಪುರಕ್ಕೆ ಹಗಲು ಹೋಗಿ ಬನ್ನಿ, ಮಲಗುವುದು ಆನೆಗೊಂದಿಯಲ್ಲಿ. ಶನಿವಾರ ಮಾತ್ರ ಬೇಡ. ಡಿಸೆಂಬರ್ ಸುಮಾರಿಗೆ ಹನುಮಮಾಲೆ ವಿಸರ್ಜನೆಯ ದಿನವಂತೂ ಬೇಡವೇ ಬೇಡ, ಮಾಲೆ ಹಾಕಿದವರನ್ನು ಬಿಟ್ಟು. ಅಂಜನಾದ್ರಿಯ 575 ಮೆಟ್ಟಿಲನ್ನು ನಾವು ಹತ್ತಿದ್ದು ಸೋಮವಾರ ಬೆಳಗಿನ ಜಾವ. ಕೋತಿ ಒಂದು ಬಾಟಲಿ ಕಿತ್ತುಕೊಂಡಿದ್ದು ಬಿಟ್ಟರೆ ತೊಂದರೆ ಇಲ್ಲ.

ಊರಿನ ಬಸ್ ನಿಲ್ಲುವ ಜಾಗದಿಂದ ಸ್ವಲ್ಪ ಒಳಗೆ, ತಗಡು ಹೊದಿಸಿದ ಒಂದು ಸಣ್ಣ ಹೋಟೆಲ್ ಇದೆ. ಬೋರ್ಡಿಲ್ಲ, ಎರಡು ಬೆಂಚು. ನಡೆಸುವುದು ಅತ್ತೆ, ಸೊಸೆ ಇಬ್ಬರೇ. ನಾಲ್ಕು ದಿನದಲ್ಲಿ ಏಳು ಸಲ ತಿಂದೆವು, ತಮ್ಮ ಲೆಕ್ಕ ಇಟ್ಟಿದ್ದ. ಅಲ್ಲಿ ಒಗ್ಗರಣೆ–ಮಿರ್ಚಿಯೇ ತಿನ್ನಬೇಕು. ಒಗ್ಗರಣೆ ಅಂದರೆ ಬೆಂಗಳೂರಿನವರು ಸಾರಿಗೆ ಹಾಕುವುದು ಅಂದುಕೊಳ್ಳುತ್ತಾರೆ. ಇಲ್ಲಿ ಅದು ಮಂಡಕ್ಕಿ. ಸೊಸೆ ಒಂದು ಬುಟ್ಟಿ ಮಂಡಕ್ಕಿಯನ್ನು ನೀರಲ್ಲಿ ಅದ್ದಿ, ಅದು ಮೆತ್ತಗಾಗುವ ಮುಂಚೆಯೇ ಎರಡೂ ಕೈಯಲ್ಲಿ ಹಿಂಡಿ ತೆಗೆಯುತ್ತಾರೆ. ಬಾಣಲೆಯಲ್ಲಿ ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು, ಅರಿಶಿನ. ಮಂಡಕ್ಕಿ ಬಿದ್ದ ಕೂಡಲೇ ಮೇಲೆ ಒಂದು ಹಿಡಿ ಪುಠಾಣಿ, ಅಂದರೆ ಹುರಿಗಡಲೆ ಹಿಟ್ಟು. ಅದು ನೀರನ್ನೆಲ್ಲ ಹೀರಿಕೊಂಡು ಒಂದೊಂದು ಕಾಳೂ ಬೇರೆ ಬೇರೆ ನಿಲ್ಲುತ್ತೆ. ಕೊನೆಗೆ ನಿಂಬೆಹಣ್ಣು. ಅದರ ಮೇಲೆ ಅತ್ತೆ ಆಗಷ್ಟೇ ಎಣ್ಣೆಯಿಂದ ತೆಗೆದ ಎರಡು ಮಿರ್ಚಿ. ಎಲ್ಲ ಸೇರಿ ಮೂವತ್ತೈದು ರೂಪಾಯಿ. ತಮ್ಮನ ಹತ್ತೂ ಬೆರಳಿಗೆ ಟೇಪು. ಅವನು ಚಮಚ ಕೇಳಿದಾಗ ಅತ್ತೆ ಬೆರಳು ನೋಡಿ, ‘ಏನಾತೋ ತಮ್ಮಾ, ಸುಟ್ಕೊಂಡೇನು?’ ಅಂತ ಗಾಬರಿಯಾದರು. ಬಂಡೆ ಹತ್ತಿ ಚರ್ಮ ಕಿತ್ತಿದೆ ಅಂದ. ‘ಮೆಟ್ಟಿಲ ಇದ್ದದ್ದು ಬಿಟ್ಟು?’ ಅಂದರು. ಮಾರನೇ ದಿನದಿಂದ ಅವನ ತಟ್ಟೆಗೆ ಕೇಳದೆಯೇ ಚಮಚ ಬರುತ್ತಿತ್ತು. ಮಧ್ಯಾಹ್ನ ಅನ್ನ, ಸಾರು, ಶೇಂಗಾ ಚಟ್ನಿ. ಗಂಗಾವತಿ ಸೋನಾ ಮಸೂರಿಯ ನಾಡು. ಉತ್ತರ ಕರ್ನಾಟಕಕ್ಕೆ ಬಂದು ರೊಟ್ಟಿಯೇ ತಿನ್ನಬೇಕು ಅಂತ ಹಠ ಬೇಡ, ಇಲ್ಲಿಯ ಅನ್ನ ತಿನ್ನಿ.

ಬಂಡೆ ಹತ್ತುವವರಿಗೆ ಒಂದೆರಡು ಮಾತು. ನವೆಂಬರ್‌ನಿಂದ ಫೆಬ್ರವರಿ ಸರಿಯಾದ ಕಾಲ. ಆಗಲೂ ಬೆಳಿಗ್ಗೆ ಒಂಬತ್ತೂವರೆ ದಾಟಿದರೆ ಗ್ರಾನೈಟ್ ಕಾದ ಹೆಂಚಿನ ಹಾಗೆ ಇರುತ್ತೆ. ಮತ್ತೆ ಸಂಜೆ ನಾಲ್ಕೂವರೆ ಮೇಲೆ. ಕಲ್ಲು ಬಲು ಒರಟು, ಟೇಪು ಜಾಸ್ತಿ ಇಟ್ಟುಕೊಳ್ಳಿ. ಸ್ಥಳೀಯ ಹುಡುಗರು ಕಲಿಸುತ್ತಾರೆ, ಯಾವ ಪೊಟರೆಯಲ್ಲಿ ಹಾವಿರುತ್ತೆ ಅನ್ನುವುದೂ ಅವರಿಗೆ ಗೊತ್ತು. ಕತ್ತಲಾದ ಮೇಲೆ ಅಲ್ಲೆಲ್ಲ ಒಬ್ಬೊಬ್ಬರೇ ಉಳಿಯಬೇಡಿ.

ಬಂಡೆಯಿಂದ ನೀರಿಗೆ ಹಾರುವುದನ್ನು ರೀಲ್ಸ್‌ನಲ್ಲಿ ನೋಡಿರುತ್ತೀರಿ. ನನ್ನ ತಮ್ಮನೂ ಬಟ್ಟೆ ಬಿಚ್ಚಿ ತಯಾರಾಗಿದ್ದ. ಪಕ್ಕದಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬರು ಬೈದು ನಿಲ್ಲಿಸಿದರು. ಮೇಲೆ ನೀರು ನಿಂತಂತೆ ಕಾಣುತ್ತೆ, ಒಳಗೆ ಕಲ್ಲಿನ ಸಂದಿಯಲ್ಲಿ ಸೆಳೆತ. ನಾವು ವಾಪಸ್ ಬಂದು ಒಂದು ತಿಂಗಳೂ ಆಗಿರಲಿಲ್ಲ. 2025ರ ಫೆಬ್ರವರಿಯಲ್ಲಿ ಹೈದರಾಬಾದಿನಿಂದ ಬಂದಿದ್ದ ಯುವ ವೈದ್ಯೆಯೊಬ್ಬರು ಸಾಣಾಪುರದ ಹತ್ತಿರ ಹೀಗೇ ಹಾರಿ ತೀರಿಕೊಂಡರು. ಸುದ್ದಿ ಓದಿ ತಮ್ಮನಿಗೆ ಕಳಿಸಿದೆ. ಅವನು ಉತ್ತರ ಬರೆಯಲಿಲ್ಲ.

ಮಂಗಳವಾರ ಹಂಪಿಗೆ. ಆನೆಗೊಂದಿಯಿಂದ ತಳವಾರಘಟ್ಟಕ್ಕೆ ಹರಿಗೋಲು. ಬಿದಿರಿನ ದೊಡ್ಡ ಬುಟ್ಟಿ, ತಳಕ್ಕೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಟಾರು. ಸುಮಾರು 1520ರಲ್ಲಿ ಇಲ್ಲಿಗೆ ಬಂದಿದ್ದ ಪೋರ್ಚುಗೀಸರ ಡೊಮಿಂಗೊ ಪಾಯೆಸ್ ಕೂಡ ಬುಟ್ಟಿಯಂಥ ಗುಂಡು ದೋಣಿಯಲ್ಲಿ ಜನ ಹೊಳೆ ದಾಟುವುದನ್ನು ಬರೆದಿದ್ದಾನೆ. ಆಗ ಹೊರಗೆ ಚರ್ಮ ಹೊದಿಸುತ್ತಿದ್ದರಂತೆ, ಬೇಕಾದರೆ ಕುದುರೆ ಎತ್ತುಗಳೂ ಅದರಲ್ಲಿ ದಾಟಬಹುದಿತ್ತಂತೆ. ನಮ್ಮ ಜೊತೆ ಒಂದು ಹಾಲಿನ ಕ್ಯಾನು, ಇಬ್ಬರು ಅಜ್ಜಿಯರು. ಅಂಚಿನಲ್ಲಿ ಕೂರಬೇಡಿ, ಒಳಗೆ ಕುಕ್ಕುರುಗಾಲಲ್ಲಿ ಕೂರಿ. ಪ್ಯಾಂಟು ಒದ್ದೆಯಾಗುತ್ತೆ, ಆಗಲಿ.

ಇಲ್ಲೊಂದು ಸೇತುವೆ ಆಗಬೇಕಿತ್ತು. ಅದರಿಂದಾಗಿಯೇ ಹಂಪಿ 1999ರಿಂದ 2006ರವರೆಗೆ ಯುನೆಸ್ಕೋದ ಅಪಾಯದ ಪಟ್ಟಿಯಲ್ಲಿತ್ತು. 2009ರ ಜನವರಿಯಲ್ಲಿ, ಇನ್ನೂ ಕೆಲಸ ನಡೆಯುತ್ತಿರುವಾಗಲೇ ಕುಸಿದುಬಿತ್ತು. ಕೆಲಸಗಾರರು ಸತ್ತರು. ಈಗ ರಸ್ತೆಯಲ್ಲಿ ಬರಬೇಕಾದರೆ ಕಮಲಾಪುರ, ಬುಕ್ಕಸಾಗರ, ಕಡೆಬಾಗಿಲು ಅಂತ ಸುತ್ತಬೇಕು.

ಇದೆಲ್ಲ ನನಗೆ ಸಂಜೆ ಗೊತ್ತಾಯಿತು. ಬೆಳಿಗ್ಗೆ ಇಳಿಸುವಾಗ ಅಂಬಿಗರು ಹೇಳಿದ್ದರು, ‘ಐದೂವರಿ ಒಳಗ ಬಂದುಬಿಡ್ರಿ ಅಕ್ಕಾರ.’ ನಾನು ತಲೆಯಾಡಿಸಿದ್ದೆ. ವಿಠ್ಠಲನ ಗುಡಿ ನೋಡಿ, ಸೂರ್ಯ ಮುಳುಗುವುದನ್ನು ಇನ್ನೈದು ನಿಮಿಷ, ಇನ್ನೈದು ನಿಮಿಷ ಅಂತ ನೋಡಿ, ದಡಕ್ಕೆ ಬಂದಾಗ ಆರೂಕಾಲು. ಹರಿಗೋಲು ಆ ದಡದಲ್ಲಿ ಬೋರಲಾಗಿ ಬಿದ್ದಿತ್ತು. ಕೂಗಿದೆವು. ನಾಯಿಯೊಂದು ಬೊಗಳಿತು. ಹಿಂದೆ ತಿರುಗಿದರೆ ಒಂದು ಆಟೋ, ಆರಾಮಾಗಿ ಕಾಯುತ್ತಿತ್ತು. ದಿನಾ ನಮ್ಮಂಥವರು ಯಾರಾದರೂ ಸಿಗುತ್ತಾರೆ ಅಂತ ಅವನಿಗೆ ಗೊತ್ತು. ಚೌಕಾಸಿಗೆ ನಿಮ್ಮ ಹತ್ತಿರ ಬಲವೇ ಇರುವುದಿಲ್ಲ. ತಡವಾಗುತ್ತೆ ಅನ್ನಿಸಿದರೆ ಬೆಳಕಿರುವಾಗಲೇ ಕಮಲಾಪುರಕ್ಕೆ ಹೋಗಿ ಅಲ್ಲಿಂದ ಆಟೋ ಮಾತಾಡಿ. ಇಲ್ಲವೇ ಮೊದಲ ದಿನವೇ ಒಂದು ಸ್ಕೂಟರ್ ಬಾಡಿಗೆಗೆ ತಗೊಳ್ಳಿ.

ನವಬೃಂದಾವನಕ್ಕೆ ಹೋಗುವವರು ಬೆಳಿಗ್ಗೆ ಹೋಗಿ. ಮಾಧ್ವ ಯತಿಗಳ ಒಂಬತ್ತು ಬೃಂದಾವನ, ಪುರಂದರದಾಸರ ಗುರು ವ್ಯಾಸರಾಯರದ್ದೂ ಅಲ್ಲೇ ಇದೆ. ನಾನು ಹೋದಾಗ ಒಬ್ಬರು ಪ್ರದಕ್ಷಿಣೆ ಹಾಕುತ್ತಿದ್ದರು, ಅಷ್ಟೇ. ಊರಲ್ಲಿ ಹೆಂಗಸರು ಬಾಳೆ ನಾರಿನಲ್ಲಿ ಚೀಲ, ಬುಟ್ಟಿ ಹೆಣೆಯುತ್ತಾರೆ, ಒಂದು ತಂದೆ. ಆರು ತಿಂಗಳಾದರೂ ಗಟ್ಟಿಯಾಗಿತ್ತು.

ಬುಧವಾರ ರಾತ್ರಿ ಹೊಸಪೇಟೆಯಿಂದ ವಾಪಸ್ ಟ್ರೇನು. ಟ್ರೇನಿಗೆ ಒಗ್ಗರಣೆ ಕಟ್ಟಿಸಿಕೊಳ್ಳೋಣ ಅಂತ ಡಬ್ಬಿ ತೊಳೆದುಕೊಂಡು ಹೋದರೆ ಹೋಟೆಲಿನ ತಗಡಿನ ಬಾಗಿಲು ಹಾಕಿತ್ತು. ಪಕ್ಕದ ಅಂಗಡಿಯವರು ತಲೆ ಎತ್ತದೆಯೇ ಅಂದರು, ‘ಇವತ್ತ ಅಮಾಸಿ ಅಲ್ಲೇನ್ರಿ.’