ಬ್ಯಾಟ್ಮನ್ ಕಂಬದ ಮುಂದೆ

14 ಜುಲೈ 2018, ಶನಿವಾರ
ಮೆಲ್ಬರ್ನ್

ಬೆಳಿಗ್ಗೆ ಕ್ವೀನ್ ವಿಕ್ಟೋರಿಯಾ ಮಾರ್ಕೆಟ್ಟಿಗೆ ತರಕಾರಿಗೆ ಹೋಗಿದ್ದೆ. ಚೀಲ ತುಂಬಿದರೂ ಮನೆಗೆ ಹೊರಡಲು ಮನಸ್ಸಾಗಲಿಲ್ಲ. ಅಲ್ಲೇ ಜಾನ್ ಬ್ಯಾಟ್ಮನ್ ನೆನಪಿನ ಕಲ್ಲುಕಂಬವಿದೆ. ಎಷ್ಟೋ ಸಲ ಅದರ ಪಕ್ಕದಲ್ಲೇ ಓಡಾಡಿದ್ದೇನೆ, ನಿಂತು ಓದಿದ್ದು ಇವತ್ತೇ. ಈತ 1835ರಲ್ಲಿ ಮೆಲ್ಬರ್ನ್ ಊರು ಕಟ್ಟಿದ್ದು "ಆಗ ಯಾರೂ ಇಲ್ಲದಿದ್ದ" ಜಾಗದಲ್ಲಂತೆ! ಹಾಗಂತ ಕೆತ್ತಿದ್ದಾರೆ. ಅದು ತಪ್ಪು ಎಂದು ತಿದ್ದುವ ಫಲಕ ಬಂದಿದ್ದು 1992ರಲ್ಲಿ.

ರಾತ್ರಿ ಮುಗಿಸಿದ ಪುಸ್ತಕ ನನ್ನನ್ನು ಅಲ್ಲಿ ನಿಲ್ಲಿಸಿತು. ರೋಹನ್ ವಿಲ್ಸನ್ ಅವರ ಮೊದಲ ಕಾದಂಬರಿ, 'ದಿ ರೋವಿಂಗ್ ಪಾರ್ಟಿ'. 1829ರ ಟ್ಯಾಸ್ಮೇನಿಯಾ. ಬ್ಯಾಟ್ಮನ್ ಒಂದಷ್ಟು ಕೈದಿಗಳನ್ನು ಕಟ್ಟಿಕೊಂಡು ಅಲ್ಲಿನ ಮೂಲನಿವಾಸಿಗಳ ಬೇಟೆಗೆ ಹೊರಡುತ್ತಾನೆ. ಜೊತೆಗೆ ಬ್ಲ್ಯಾಕ್ ಬಿಲ್. ಇವನೂ ಅದೇ ನೆಲದವನು, ಆದರೆ ಬಿಳಿಯರ ಮನೆಯಲ್ಲಿ ಬೆಳೆದವನು. ಹುಡುಕುತ್ತಿರುವುದು ಮನಲಾರ್ಗೆನ ಎಂಬ ನಾಯಕನನ್ನು.

ಪುಸ್ತಕಕ್ಕೆ ಮನ್ನಣೆ ಚೆನ್ನಾಗಿಯೇ ಸಿಕ್ಕಿತು. ಹಸ್ತಪ್ರತಿಗೆ 2011ರ ವೋಗಲ್ ಪ್ರಶಸ್ತಿ (ಅಚ್ಚಾಗದ ಹಸ್ತಪ್ರತಿಗೆ ಆಸ್ಟ್ರೇಲಿಯಾದಲ್ಲಿ ಕೊಡುವ ಬಹುಮಾನ), ಮರುವರ್ಷ ನ್ಯೂ ಸೌತ್ ವೇಲ್ಸ್ ಸರ್ಕಾರದ ಹೊಸ ಬರಹಗಾರರ ಪ್ರಶಸ್ತಿ. ಆದರೆ ವಿಮರ್ಶೆಗಳಲ್ಲಿ ಮತ್ತೆ ಮತ್ತೆ ಬರುವ ಹೆಸರು ಅಮೆರಿಕದ ಕಾದಂಬರಿಕಾರ ಕಾರ್ಮಕ್ ಮೆಕಾರ್ತಿಯದು. ಹೋಲಿಕೆ ಸುಳ್ಳಲ್ಲ. ಮಾತಿಗೆ ಉದ್ಧರಣ ಚಿಹ್ನೆಯಿಲ್ಲ, ರಕ್ತ ಜಾಸ್ತಿ, ವಾಕ್ಯಗಳು ಒರಟು. ಆದರೂ ನನಗೆ ಬೇಜಾರಾಯಿತು. ಶೈಲಿ ಯಾರದು ಎಂದು ಹುಡುಕುತ್ತಾ ಕೂತರೆ ಸತ್ತವರು ಯಾರು ಅಂತ ಕೇಳೋದೇ ಮರೆತು ಹೋಗುತ್ತದೆ ಅಲ್ವಾ?

ಬಿಲ್ ತನ್ನವರ ಮೇಲೇ ಯಾಕೆ ಬಂದೂಕು ಹಿಡಿದ? ಕಾದಂಬರಿ ಬಾಯಿ ಬಿಡುವುದಿಲ್ಲ. ಮೊದಲು ನನಗೆ ಅದು ಕೊರತೆ ಅನ್ನಿಸಿತ್ತು. ಅರ್ಧ ದಾಟಿದ ಮೇಲೆ ಅನ್ನಿಸಿತು, ಅವನ ಮನಸ್ಸಿನೊಳಗೆ ಸಲೀಸಾಗಿ ಹೊಕ್ಕಿಬಿಟ್ಟಿದ್ದರೆ ಅದೂ ಒಂದು ರೀತಿಯ ಒತ್ತುವರಿಯೇ ಆಗುತ್ತಿತ್ತು. ವಿಲ್ಸನ್ ಬಾಗಿಲಲ್ಲೇ ನಿಂತರು. ಅದಕ್ಕೆ ನನಗೆ ಅವರ ಮೇಲೆ ಗೌರವ.

ಇದರ ಹಿಂದಿರುವುದು ನಡೆದ ಸಂಗತಿ. 1829ರ ಸೆಪ್ಟೆಂಬರಿನಲ್ಲಿ ಟ್ಯಾಸ್ಮೇನಿಯಾದ ಬೆನ್ ಲೊಮಂಡ್ ಬೆಟ್ಟದ ಹತ್ತಿರ ಬ್ಯಾಟ್ಮನ್ ಮೂಲನಿವಾಸಿಗಳ ಒಂದು ಗುಂಪಿನ ಮೇಲೆ ದಾಳಿ ಮಾಡಿದ. ಸೆರೆ ಸಿಕ್ಕ ಇಬ್ಬರು ಗಾಯಾಳುಗಳಿಗೆ ನಡೆಯಲು ಆಗಲಿಲ್ಲ. ಬೇರೆ ದಾರಿಯಿಲ್ಲದೆ ಅವರನ್ನು ಗುಂಡಿಟ್ಟು ಕೊಂದೆ ಎಂದು ತಾನೇ ಪತ್ರ ಬರೆದ. ಮೆಲ್ಬರ್ನಿನಲ್ಲಿ ಅವನ ಹೆಸರಿದ್ದ ಸಂಸತ್ ಕ್ಷೇತ್ರಕ್ಕೆ ಕಳೆದ ತಿಂಗಳಷ್ಟೇ ಮೂಲನಿವಾಸಿ ಹೋರಾಟಗಾರ ವಿಲಿಯಂ ಕೂಪರ್ ಹೆಸರು ನಿಶ್ಚಯವಾಗಿದೆ. ಸುದ್ದಿ ಓದಿ ಖುಷಿಪಟ್ಟಿದ್ದೆ.

ಟ್ರಾಮಿನಲ್ಲಿ ಬರುವಾಗ ನಮ್ಮ ಹಲಗಲಿ ನೆನಪಾಯಿತು. ಶಾಲೆಯಲ್ಲಿ ಬಾಯಿಪಾಠ ಮಾಡಿದ್ದ ಲಾವಣಿ. ಹನುಮ, ಬಾಲ, ಜಡಗ, ರಾಮ. 1857ರಲ್ಲಿ ಆಯುಧ ಕೊಡೆವು ಎಂದು ಸೆಟೆದು ನಿಂತು ಸೋತವರು. ನಾಲ್ಕೂ ಹೆಸರು ಈಗಲೂ ನಾಲಿಗೆ ಮೇಲಿವೆ. ಬ್ಯಾಟ್ಮನ್ ಪತ್ರದ ಆ ಇಬ್ಬರಿಗೆ ಹೆಸರೇ ಇಲ್ಲ.