‘ಎನ್‌ಪಿಎಸ್ಸಾ, ಯುಪಿಎಸ್ಸಾ? ಯಾವುದು ಲಾಭ ಸಾರ್?’

ಎನ್‌ಪಿಎಸ್ ಅಂದರೆ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ, ಯುಪಿಎಸ್ ಅಂದರೆ ಏಕೀಕೃತ ಪಿಂಚಣಿ ಯೋಜನೆ. ಕೇಂದ್ರ ಸರ್ಕಾರಿ ನೌಕರರು ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಈ ಪ್ರಶ್ನೆ ನನಗೆ ಫೋನಿನಲ್ಲಿ ಬರುತ್ತೆ, ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕ ಕೂತವರಿಂದಲೂ ಬರುತ್ತೆ. ವರ್ಷಗಟ್ಟಲೆ ಸಂಬಳದ ಬಿಲ್ ಸೆಕ್ಷನ್‌ನಲ್ಲಿ ಕೂತಿದ್ದವನು ಅನ್ನೋದು ಒಂದೇ ನನ್ನ ಅರ್ಹತೆ. ಆಯ್ಕೆಗೆ ಕೊನೆಯ ದಿನ 2025ರ ಜೂನ್ 30 ಅಂತಿದ್ದದ್ದು ಸೆಪ್ಟೆಂಬರ್ 30 ಆಯಿತು, ಆಮೇಲೆ ನವೆಂಬರ್ 30 ಆಯಿತು. ಅದು ಮುಗಿದ ಮೇಲೆ ಪ್ರಶ್ನೆಯೂ ಮುಗಿಯುತ್ತೆ ಅಂದುಕೊಂಡಿದ್ದೆ. ಎಲ್ಲಿ ಮುಗಿಯುತ್ತೆ! ಕೇಂದ್ರ ಸರ್ಕಾರಿ ಕೆಲಸಕ್ಕೆ ಹೊಸದಾಗಿ ಸೇರುವವರು ಸೇರಿದ 30 ದಿನದೊಳಗೆ ಆಯ್ಕೆ ಮಾಡಬೇಕು. ಯುಪಿಎಸ್ ತಗೊಂಡವರು ಒಂದು ಸಲ ಎನ್‌ಪಿಎಸ್‌ಗೆ ವಾಪಸ್ ಬರಬಹುದು. ಹಾಗಾಗಿ ತಲೆಬಿಸಿ ಮುಂದುವರಿದಿದೆ.

ಮೊದಲೇ ಒಂದು ಮಾತು. ರಾಜ್ಯ ಸರ್ಕಾರದ ನೌಕರರೂ ಇದನ್ನೇ ಕೇಳುತ್ತಾರೆ. ಯುಪಿಎಸ್ ಕೇಂದ್ರದ ಯೋಜನೆ, ನಿಮಗೆ ತಾನಾಗೇ ಅನ್ವಯ ಆಗುವುದಿಲ್ಲ. ಆ ತೀರ್ಮಾನ ರಾಜ್ಯ ಸರ್ಕಾರದ್ದು. ಕರ್ನಾಟಕದಲ್ಲಿ 2006ರ ಏಪ್ರಿಲ್ 1ರ ನಂತರ ಸೇರಿದವರ ಗೋಳು ಬೇರೆಯೇ ಇದೆ. ಅದನ್ನು ಇಲ್ಲಿ ಎಳೆದು ತರುವುದಿಲ್ಲ.

ಕೇಂದ್ರದವರ ಕಥೆ ಹೀಗೆ. 2004ರ ಜನವರಿ 1ರಿಂದ ಸೇರಿದವರಿಗೆ, ಸೇನೆಯವರನ್ನು ಬಿಟ್ಟು, ಹಳೇ ಪಿಂಚಣಿ ಹೋಗಿ ಎನ್‌ಪಿಎಸ್ ಬಂತು. ಬೇಸಿಕ್ (ಮೂಲ ವೇತನ) ಮತ್ತು ಡಿಎ (ತುಟ್ಟಿಭತ್ಯೆ) ಸೇರಿಸಿ ಅದರ ಶೇ 10 ನಿಮ್ಮ ಸಂಬಳದಿಂದ, ಶೇ 14 ಸರ್ಕಾರದಿಂದ. ದುಡ್ಡು ಮಾರುಕಟ್ಟೆಯಲ್ಲಿ ಬೆಳೆಯುತ್ತೆ. 60ಕ್ಕೆ ನಿವೃತ್ತಿಯಾದಾಗ ಶೇ 60ರವರೆಗೆ ಕೈಗೆ, ತೆರಿಗೆ ಇಲ್ಲದೆ. ಉಳಿದ ಶೇ 40ಕ್ಕೆ ಆನ್ಯುಟಿ, ಅಂದರೆ ವಿಮಾ ಕಂಪನಿಯ ಪಿಂಚಣಿ ಪಾಲಿಸಿ, ಕೊಳ್ಳಬೇಕು, ಅದರಿಂದ ತಿಂಗಳ ಪಿಂಚಣಿ. ಎಷ್ಟು ಬರುತ್ತೆ ಅಂತ ಮೊದಲೇ ಯಾರೂ ಹೇಳಲಾರರು. ಜನ ಬೀದಿಗಿಳಿದದ್ದು ಆ ಕಾರಣಕ್ಕೇ. ಆಮೇಲೆ 2025ರ ಏಪ್ರಿಲ್ 1ರಿಂದ ಯುಪಿಎಸ್ ಜಾರಿಗೆ ಬಂತು: 25 ವರ್ಷ ಸೇವೆ ಇದ್ದರೆ ಕೊನೆಯ 12 ತಿಂಗಳ ಬೇಸಿಕ್‌ನ ಸರಾಸರಿಯ ಅರ್ಧ, ಅದರ ಮೇಲೆ ತುಟ್ಟಿ ಪರಿಹಾರ, ಅಂದರೆ ಪಿಂಚಣಿಗೆ ಸೇರುವ ಡಿಎ. ಕಡಿಮೆ ಸೇವೆಗೆ ಅದೇ ಲೆಕ್ಕದಲ್ಲಿ ಕಡಿಮೆ. ಕನಿಷ್ಠ 10 ವರ್ಷವಾದರೂ ಆಗಿರಬೇಕು. ಅಷ್ಟು ಆಗಿದ್ದರೆ ತಿಂಗಳಿಗೆ 10,000 ರೂಪಾಯಿಗೆ ಕಮ್ಮಿ ಇಲ್ಲ.

ಈಗ ‘ಯಾವುದು ಲಾಭ?’ ನಾನು ತಿರುಗಿ ಕೇಳುವುದು ಒಂದೇ: ಮನೇಲಿ ಯಾರ್ಯಾರಿದ್ದಾರೆ?

ಕೆಲವರಿಗೆ ಕೋಪ ಬರುತ್ತೆ. ಲೆಕ್ಕ ಕೇಳಿದರೆ ಸಂಸಾರ ವಿಚಾರಿಸ್ತಾನಲ್ಲ ಅಂತ. ಸರಿ, ಲೆಕ್ಕವನ್ನೇ ನೋಡೋಣ. ಕೊನೆಯ ವರ್ಷ ನಿಮ್ಮ ಬೇಸಿಕ್ ಸರಾಸರಿ 80,000 ಅಂತ ಇಟ್ಟುಕೊಳ್ಳಿ. ಡಿಎ ಶೇ 50, ಸೇವೆ ಸರಿಯಾಗಿ 25 ವರ್ಷ. ಯುಪಿಎಸ್‌ನಲ್ಲಿ 40,000, ಜೊತೆಗೆ 20,000 ತುಟ್ಟಿ ಪರಿಹಾರ, ಒಟ್ಟು 60,000. ಡಿಎ ಏರಿದ ಹಾಗೆ ಇದೂ ಏರುತ್ತೆ. ಪ್ರತಿ ಆರು ತಿಂಗಳ ಸೇವೆಗೆ ಬೇಸಿಕ್ ಮತ್ತು ಡಿಎಯ ಹತ್ತರಲ್ಲೊಂದು ಭಾಗ ಇಡಿಗಂಟು ಬೇರೆ. ಅಂದರೆ 12,000ದಂತೆ 50 ಸಲ, 6 ಲಕ್ಷ.

ಅದೇ ಮನುಷ್ಯ ಎನ್‌ಪಿಎಸ್‌ನಲ್ಲಿದ್ದು ಖಾತೆಯಲ್ಲಿ 1 ಕೋಟಿ ಸೇರಿದೆ ಅನ್ನೋಣ. 40 ಲಕ್ಷಕ್ಕೆ ಆನ್ಯುಟಿ, ಶೇ 6 ಹಿಡಿದರೆ ತಿಂಗಳಿಗೆ 20,000. ಕೈಗೆ ಬಂದ 60 ಲಕ್ಷವನ್ನು ಶೇ 7ಕ್ಕೆ ಇಟ್ಟರೆ 35,000. ಒಟ್ಟು 55,000. ಮೊದಲ ವರ್ಷ ಎರಡೂ ಹೆಚ್ಚುಕಮ್ಮಿ ಒಂದೇ, ಅಲ್ವಾ? ಆದರೆ ಹದಿನೈದು ವರ್ಷ ಆದ ಮೇಲೂ ಈ 55,000 ಹಾಗೇ ನಿಂತಿರುತ್ತೆ. ಔಷಧಿ ಅಂಗಡಿಯ ಬಿಲ್ ಹಾಗೆ ನಿಂತಿರಲ್ಲ. ಇನ್ನೊಂದು ಕಡೆ, ಎನ್‌ಪಿಎಸ್‌ನವರ 60 ಲಕ್ಷ ಅವರದ್ದೇ. ಆನ್ಯುಟಿಯಲ್ಲೂ ಅಸಲು ವಾಪಸ್ ಬರುವ ಬಗೆ ತಗೊಂಡಿದ್ದರೆ ಆ 40 ಲಕ್ಷವೂ ಕೊನೆಗೆ ಮಕ್ಕಳಿಗೋ ನಾಮಿನಿಗೋ ಸೇರುತ್ತೆ. ಯುಪಿಎಸ್‌ನಲ್ಲಿ ನೀವು ಹೋದ ಮೇಲೆ ಗಂಡ ಅಥವಾ ಹೆಂಡತಿಗೆ ಪಿಂಚಣಿಯ ಶೇ 60. ಅವರ ನಂತರ ಏನೂ ಇಲ್ಲ. ಕಾರ್ಪಸ್, ಅಂದರೆ ಖಾತೆಯಲ್ಲಿ ಸೇರಿದ ದುಡ್ಡು, ಸರ್ಕಾರದ ಕಡೆಯ ದೊಡ್ಡ ನಿಧಿಗೆ ಹೋಗಿರುತ್ತೆ. ಯುಪಿಎಸ್‌ನಲ್ಲೂ ಕಾರ್ಪಸ್‌ನ ಶೇ 60ರವರೆಗೆ ತೆಗೆಯಬಹುದಲ್ಲ ಅಂತೀರಾ? ತೆಗೆಯಬಹುದು. ಪಿಂಚಣಿಯೂ ಅಷ್ಟೇ ಕಡಿಮೆಯಾಗಿ 40,000 ಇದ್ದದ್ದು 16,000 ಆಗುತ್ತೆ.

ಇನ್ನೊಂದು ಸಣ್ಣಕ್ಷರದ ವಿಷಯ. ನೀವು ಹೋದ ಮೇಲಿನ ಆ ಶೇ 60 ಪಿಂಚಣಿ ಸಿಗುವುದು ನಿವೃತ್ತಿಯ ದಿನ ಕಾನೂನು ಪ್ರಕಾರ ಮದುವೆಯಾಗಿರುವ ಸಂಗಾತಿಗೆ ಮಾತ್ರ. ಮಗಳಿಗಿಲ್ಲ, ತಾಯಿಗಿಲ್ಲ. ಹಳೇ ಪಿಂಚಣಿಯಲ್ಲಿ ಅಂಗವಿಕಲ ಮಕ್ಕಳಿಗೆ ಕುಟುಂಬ ಪಿಂಚಣಿ ಸಿಗುತ್ತಿತ್ತು. ‘ಯುಪಿಎಸ್ ಅಂದ್ರೆ ಹಳೇದೇ ವಾಪಸ್ ಬಂತು’ ಅಂತ ನಂಬಿದವರು ಈ ಸಾಲು ಓದಿರುವುದಿಲ್ಲ.

ನನ್ನ ಜೊತೆ ಕೆಲಸ ಮಾಡಿದ ಅಕ್ಕ ಒಬ್ಬರಿದ್ದಾರೆ. ಮದುವೆ ಆಗಿಲ್ಲ. ಹುಟ್ಟಿನಿಂದ ನಡೆಯಲಾಗದ ತಮ್ಮನನ್ನು ಅವರೇ ನೋಡಿಕೊಳ್ಳುತ್ತಾರೆ. ಕೊನೆಯ ದಿನಕ್ಕೆ ವಾರ ಇರುವಾಗ ಮನೆಗೆ ಬಂದರು. ಪೇ ಸ್ಲಿಪ್, ಎನ್‌ಪಿಎಸ್ ಸ್ಟೇಟ್‌ಮೆಂಟ್, ಅರ್ಧ ತುಂಬಿದ ಯುಪಿಎಸ್ ಫಾರಂ ಮೂರನ್ನೂ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಬಂದಿದ್ದರು. ‘ಎಲ್ಲರೂ ಯುಪಿಎಸ್ ಅಂತಿದ್ದಾರೆ ಕಣೋ’ ಅಂದರು. ಫಾರಂ ತಿರುಗಿಸಿ ನೋಡಿದೆ. ಸಂಗಾತಿಯ ಹೆಸರಿನ ಜಾಗದಲ್ಲಿ ಒಂದು ಗೆರೆ ಎಳೆದಿದ್ದರು. ಆ ಗೆರೆ ಮೇಲೆ ಬೆರಳಿಟ್ಟು, ‘ಅಕ್ಕ, ನೀವು ಹೋದ ಮರುದಿನ ತಮ್ಮನಿಗೆ ಏನು?’ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ನೆ ಕೂತರು. ಆಮೇಲೆ ಫಾರಂ ಮಡಚಿ ಕವರಿಗೆ ಹಾಕಿದರು. ಅವರಿಗೆ ಎನ್‌ಪಿಎಸ್ಸೇ ಸರಿ ಅಂತ ಇವತ್ತಿಗೂ ಹೇಳುತ್ತೇನೆ.

ಅದೇ, ಒಬ್ಬರ ಸಂಬಳದಲ್ಲಿ ನಡೆಯುವ ಮನೆ, ಹೆಂಡತಿ ಏಳೆಂಟು ವರ್ಷ ಚಿಕ್ಕವರು, 25 ವರ್ಷ ಸೇವೆ ಪೂರ್ತಿ ಆಗುತ್ತೆ ಅಂದರೆ, ನಾನು ಕಣ್ಣು ಮುಚ್ಚಿ ಯುಪಿಎಸ್ ಅನ್ನುತ್ತೇನೆ. 60 ಲಕ್ಷ ಕೈಗೆ ಬಂದರೆ ಮನೆ ಕಟ್ಟುವ ಮಗ, ಬಿಸಿನೆಸ್ ಮಾಡುವ ಅಳಿಯ ಎಲ್ಲರೂ ಹುಟ್ಟಿಕೊಳ್ಳುತ್ತಾರೆ. ತಿಂಗಳಿಗಿಷ್ಟು ಅಂತ ಬರುವುದನ್ನು ಯಾರೂ ಸಾಲ ಕೇಳುವುದಿಲ್ಲ. ಗಂಡ ಹೆಂಡತಿ ಇಬ್ಬರೂ ಕೇಂದ್ರ ಸರ್ಕಾರಿ ಕೆಲಸದಲ್ಲಿದ್ದರೆ? ಒಬ್ಬರು ಇದು, ಒಬ್ಬರು ಅದು. ಇದು ನನ್ನ ಅಭಿಪ್ರಾಯ, ನಿಯಮವೇನಲ್ಲ.

ಸೇವೆಯ ವಿಚಾರಕ್ಕೆ ಬಂದರೆ, 40ಕ್ಕೆ ಸೇರಿದವರಿಗೆ 60ರ ಹೊತ್ತಿಗೆ ಆಗುವುದು 20 ವರ್ಷ. ಮೇಲಿನ ಲೆಕ್ಕದಲ್ಲಿ 40,000 ಬದಲು 32,000. ಸ್ವಯಂ ನಿವೃತ್ತಿಯ ಯೋಚನೆ ಇರುವವರು ಇನ್ನೂ ಹುಷಾರಾಗಿರಿ. ಯುಪಿಎಸ್‌ನಲ್ಲಿ ನೀವು ಮೊದಲೇ ಹೊರಟರೂ ಪಿಂಚಣಿ ಶುರುವಾಗುವುದು ಸಹಜವಾಗಿ ನಿವೃತ್ತಿ ಆಗಬೇಕಿದ್ದ ದಿನದಿಂದ. 50ಕ್ಕೆ ಬಿಟ್ಟರೆ ಹತ್ತು ವರ್ಷ ಕಾಯಬೇಕು. ರಾಜೀನಾಮೆ ಕೊಟ್ಟರಂತೂ ಆ ಖಾತ್ರಿ ಪಿಂಚಣಿಯೇ ಇಲ್ಲ. ಮೂವತ್ತರ ಹುಡುಗ ಹುಡುಗಿಯರು, ‘ನೋಡೋಣ, ಬೇರೆ ಕೆಲಸ ಸಿಕ್ಕರೆ ಹೋಗ್ತೀನಿ’ ಅನ್ನುವವರು, ಎನ್‌ಪಿಎಸ್‌ನಲ್ಲೇ ಇರುವುದು ವಾಸಿ. ಖಾತೆ ಜೊತೆಗೇ ಬರುತ್ತೆ.

ವಾಪಸ್ ಬರುವ ಬಾಗಿಲಿನ ಬಗ್ಗೆ: ನಿವೃತ್ತಿಗೆ ಒಂದು ವರ್ಷ ಮೊದಲು, ಸ್ವಯಂ ನಿವೃತ್ತಿಯಾದರೆ ಮೂರು ತಿಂಗಳು ಮೊದಲು ಅದು ಮುಚ್ಚುತ್ತೆ. ಯುಪಿಎಸ್‌ನಲ್ಲಿ ನಿಮ್ಮ ಖಾತೆಗೆ ಸರ್ಕಾರ ಹಾಕುವುದು ಶೇ 10, ಎನ್‌ಪಿಎಸ್‌ನಲ್ಲಿ ಶೇ 14. ವಾಪಸ್ ಬಂದರೆ ಆ ಶೇ 4ರ ವ್ಯತ್ಯಾಸ ಜಮಾ ಆಗುತ್ತೆ. ಒಮ್ಮೆ ಬಂದರೆ ಮತ್ತೆ ಯುಪಿಎಸ್ ಇಲ್ಲ.

ಯಾವುದನ್ನೇ ತಗೊಳ್ಳಿ, ಸ್ಟೇಟ್‌ಮೆಂಟ್ ತೆಗೆದು ತಿಂಗಳು ತಿಂಗಳು ಟಿಕ್ ಹಾಕಿ ನೋಡಿ. ವರ್ಗಾವಣೆಯಾದ ವರ್ಷ ನನ್ನದೇ ಖಾತೆಯಲ್ಲಿ ಎರಡು ತಿಂಗಳು ಖಾಲಿ ಇತ್ತು. ಹಳೇ ಆಫೀಸಿನ ಎಲ್‌ಪಿಸಿ (ಕೊನೆಯ ಸಂಬಳದ ಪ್ರಮಾಣಪತ್ರ) ತಡವಾಗಿ ಬಂದಿತ್ತು, ಸಂಬಳದಲ್ಲಿ ಕಡಿತ ಆಗಿತ್ತು, ಖಾತೆಗೆ ಮಾತ್ರ ಹೋಗಿರಲಿಲ್ಲ. ಬಿಲ್ ಸೆಕ್ಷನ್‌ನಲ್ಲಿ ಕೂತವನಿಗೇ ಇದು ಗೊತ್ತಾದದ್ದು ಮೂರು ವರ್ಷದ ಮೇಲೆ! ಯುಪಿಎಸ್‌ನಲ್ಲಿ ಇದಕ್ಕೆ ಬೆಲೆ ಜಾಸ್ತಿ. ನಿವೃತ್ತಿ ದಿನ ನಿಮ್ಮ ಕಾರ್ಪಸ್ಸನ್ನು ಒಂದು ಮಾನದಂಡದ ಕಾರ್ಪಸ್ ಜೊತೆ, ಅಂದರೆ ಕಂತು ಒಂದೂ ತಪ್ಪದಿದ್ದರೆ ಇಷ್ಟಿರಬೇಕಿತ್ತು ಅನ್ನುವ ಮೊತ್ತದ ಜೊತೆ ಹೋಲಿಸುತ್ತಾರೆ. ಕಡಿಮೆ ಇದ್ದು ನೀವು ತುಂಬಿಕೊಡದಿದ್ದರೆ ಪಿಂಚಣಿಯೂ ಅದಕ್ಕೆ ತಕ್ಕಷ್ಟು ಕಡಿಮೆ. ಜಾಸ್ತಿ ಇದ್ದರೆ ಅದು ನಿಮಗೆ.

ಅಂದ ಹಾಗೆ, ಅಕ್ಕ ಮರುವಾರ ಫೋನ್ ಮಾಡಿದ್ದರು. ತಮ್ಮನ ಹೆಸರು ಇದೆಯಾ ಅಂತ ನಾಮಿನಿ ಕಾಲಂ ನೋಡಿದರಂತೆ. ಅಲ್ಲಿ ಇನ್ನೂ ಅಪ್ಪನ ಹೆಸರೇ ಇತ್ತು. ಅಪ್ಪ ತೀರಿಕೊಂಡು ಒಂಬತ್ತು ವರ್ಷ ಆಗಿದೆ.